ಚಿಪ್ಪಿನೊಳಗಿನ ನೀರಿನ ಲೆಕ್ಕ

ಇಪ್ಪತ್ತೊಂದನೆಯ ದಿನ ಕಳೆದು, ಇಪ್ಪತ್ತೆರಡೂ ಕಳೆದು, ಇಪ್ಪತ್ತಮೂರನೆಯ ದಿನದ ಸಂಜೆ ನಾನು ಕಾವುಪೆಟ್ಟಿಗೆಯಿಂದ ಒಂದು ಮೊಟ್ಟೆಯನ್ನು ಹೊರತೆಗೆದು ಒಡೆದು ನೋಡಿದೆ. ಹಾಗೆ ನೋಡುವುದಕ್ಕೆ ಮನಸ್ಸನ್ನು ಗಟ್ಟಿಮಾಡಿಕೊಳ್ಳಬೇಕಾಯಿತು. ಒಳಗೆ ಕೊಳೆತ ಲೋಳೆ ಇದ್ದೀತೆಂದು ಎಣಿಸಿದ್ದೆ. ಇದ್ದದ್ದು ಒಂದು ಮರಿ. ಕೊಕ್ಕು, ಕಣ್ಣು, ಕಾಲುಗುರು, ಮೈತುಂಬ ತುಪ್ಪುಳು, ಯಾವುದೊಂದೂ ಕಡಿಮೆಯಿರಲಿಲ್ಲ. ಕೊಕ್ಕಿನ ತುದಿಯಲ್ಲಿ, ಚಿಪ್ಪನ್ನು ಒಡೆಯುವುದಕ್ಕೆಂದೇ ಪ್ರಕೃತಿ ಇಟ್ಟಿರುವ, ಸಾಸಿವೆಗಿಂತ ಕಿರಿದಾದ ಬಿಳಿಯ ಮುಳ್ಳೂ ಇತ್ತು. ಆ ಮುಳ್ಳಿನಿಂದ ಅದು ಚಿಪ್ಪಿಗೆ ಒಂದು ಪೆಟ್ಟು ಹಾಕಿಯೂ ಇತ್ತು. ಆದರೆ ಚಿಪ್ಪಿನ ಒಳಗಿನ ಪೊರೆ ಒಣಗಿ, ತೊಗಲಿನ ಹಾಗೆ ಬಿಗಿದು, ಮರಿಯ ತುಪ್ಪುಳಿಗೆ ಅಂಟಿಕೊಂಡಿತ್ತು. ಹೊರಗೆ ಬರುವುದೊಂದನ್ನು ಬಿಟ್ಟು ಮಿಕ್ಕ ಕೆಲಸವನ್ನೆಲ್ಲ ಅದು ಮುಗಿಸಿತ್ತು.

ಇಪ್ಪತ್ತನಾಲ್ಕು ಮೊಟ್ಟೆಗಳಲ್ಲಿ ನಾಲ್ಕು ಗೊಡ್ಡು. ಜೀವ ಹಿಡಿದ ಇಪ್ಪತ್ತರಲ್ಲಿ ಎದ್ದದ್ದು ಮೂರು ಮರಿ. ಉಳಿದ ಹದಿನೇಳರಲ್ಲಿ ಬಹುಪಾಲಿನ ಕತೆ ಹೀಗೆಯೇ ಆಗಿತ್ತು. ಇದು ೨೦೨೪ರ ಮಾರ್ಚ್ ತಿಂಗಳಿನ ಮಾತು. ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಜನ ನೀರಿನ ಟ್ಯಾಂಕರಿಗಾಗಿ ಕಾದು ಕುಳಿತಿದ್ದ ಬೇಸಿಗೆ ಅದು. ನನ್ನ ಪೆಟ್ಟಿಗೆಯೊಳಗಿನ ಮರಿಗಳೂ ನೀರಿಲ್ಲದೆಯೇ ಸತ್ತವೆಂದು ಆಗ ನನಗೆ ಹೊಳೆದಿರಲಿಲ್ಲ.

ಆ ಮೊಟ್ಟೆಗಳು ಬಂದದ್ದು ಮಾಗಡಿ ರಸ್ತೆಯ ತಾವರೆಕೆರೆಯ ಕಡೆಯಿಂದ, ನಮ್ಮ ದೊಡ್ಡಮ್ಮನ ಮನೆಯಿಂದ. ನನ್ನ ತಾಯಿಗೆ ಅಕ್ಕ. ಎಂಬತ್ತನ್ನು ದಾಟಿದ ಜೀವ. ಅವರ ಹಿತ್ತಿಲಿನಲ್ಲಿ ನಾನು ಕಂಡಂದಿನಿಂದ ಒಂದೇ ವಂಶದ ನಾಟಿ ಕೋಳಿಗಳು ಓಡಾಡಿಕೊಂಡಿದ್ದವು. ಹಿಂದಿನ ವರ್ಷದ ಕೊನೆಯಲ್ಲಿ ಕೊಕ್ಕರೆ ರೋಗ ಬಂತು. ಲಸಿಕೆಯಿಂದ ತಡೆಯಬಹುದಾದ ಬೇನೆ, ಹಾಕಿಸಿರಲಿಲ್ಲ. ಮೂವತ್ತು ಕೋಳಿಗಳ ಹಿಂಡಿನಲ್ಲಿ ಉಳಿದದ್ದು ಮುದಿಯಾಗುತ್ತಿದ್ದ ಒಂದು ಹುಂಜ, ಮೂರು ಹೇಟೆ. ಹೇಟೆ ಕಾವಿಗೆ ಕೂತರೆ ಮೊಟ್ಟೆಯಿಡುವುದು ನಿಲ್ಲುತ್ತದೆ. ಇಪ್ಪತ್ತೊಂದು ದಿನ ಕಾವು. ಆಮೇಲೆ ಮರಿಗಳನ್ನು ತಿರುಗಾಡಿಸಿಕೊಂಡು ಇನ್ನಷ್ಟು ವಾರ. ಹುಂಜ ಇರುವಷ್ಟರಲ್ಲಿ ಹೆಚ್ಚು ಮೊಟ್ಟೆಗಳನ್ನು ಮರಿಮಾಡಿಸಿಕೊಳ್ಳಬೇಕಾದರೆ ಹೇಟೆಗಳು ಇಡುತ್ತಲೇ ಇರಬೇಕು, ಕಾವನ್ನು ಬೇರೆ ಯಾರಾದರೂ ಕೊಡಬೇಕು. ಪಾಠ ಹೇಳಿ ನಿವೃತ್ತನಾಗಿ ಬಸವೇಶ್ವರನಗರದ ಮನೆಯಲ್ಲಿ ಕೂತಿದ್ದ ನಾನು, ಆ ಕೆಲಸ ನನಗಿರಲೆಂದು ಒಪ್ಪಿಕೊಂಡೆ.

ಮೂರು ಮರಿಗಳ ಸುದ್ದಿಯನ್ನು ಫೋನಿನಲ್ಲಿ ಹೇಳಿದಾಗ ದೊಡ್ಡಮ್ಮ ಬೈಯಲಿಲ್ಲ. "ಬೀಜ ಕೆಟ್ಟದ್ದಲ್ಲ ಮಗ. ಗಾಳಿ ಒಣ್ಗೈತೆ. ಶಿವರಾತ್ರಿ ಕಳೆದ್ಮೇಲೆ ನಾವು ಯಾವತ್ತೂ ಕೂರ್ಸ್ತಿರ್ಲಿಲ್ಲ" ಎಂದರು. ಈ ಒಂದು ಮಾತಿನ ಅರ್ಥವನ್ನು ಬಿಡಿಸಿಕೊಳ್ಳುವುದಕ್ಕೆ ನನಗೆ ಒಂದು ವರ್ಷ ಹಿಡಿಯಿತು. ಆ ಅರ್ಥವನ್ನೇ ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಕೋಳಿಮೊಟ್ಟೆಗೆ ಬೇಕಾದುದು ಮೂರು: ಕಾವು, ಹೊರಳಿಸುವಿಕೆ, ತೇವ. ಮೊದಲಿನ ಎರಡು ಸುಲಭ. ಒಳಗೆ ಫ್ಯಾನು ತಿರುಗುವ ಪೆಟ್ಟಿಗೆಯಾದರೆ ೩೭.೫ ಡಿಗ್ರಿ ಸೆಲ್ಸಿಯಸ್ ಶಾಖ. ಇದನ್ನು ಹತ್ತಿಪ್ಪತ್ತು ರೂಪಾಯಿಯ ಬಲ್ಬೂ ಒಂದು ಥರ್ಮೋಸ್ಟಾಟೂ ಕೂಡಿ ಒದಗಿಸುತ್ತವೆ. ಹದಿನೆಂಟನೆಯ ದಿನದವರೆಗೆ ದಿನಕ್ಕೆ ಮೂರು ಬಾರಿಯಾದರೂ ಮೊಟ್ಟೆಯನ್ನು ಹೊರಳಿಸಬೇಕು. ಇಲ್ಲವಾದರೆ ಒಳಗಿನ ಭ್ರೂಣ ಪೊರೆಗೆ ಅಂಟಿಕೊಳ್ಳುತ್ತದೆ. ಚಿಪ್ಪಿನ ಒಂದು ಮಗ್ಗುಲಿಗೆ ಸೀಸದ ಕಡ್ಡಿಯಿಂದ ಗುಣಿಸುವ ಗುರುತು, ಇನ್ನೊಂದು ಮಗ್ಗುಲಿಗೆ ಸೊನ್ನೆ ಬರೆದುಕೊಂಡರೆ ಲೆಕ್ಕ ತಪ್ಪುವುದಿಲ್ಲ. ಕರೆಂಟು ಅರ್ಧ ಗಂಟೆ ಹೋದರೆ ಗಾಬರಿಯಾಗಬೇಕಾಗಿಲ್ಲ. ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿದರೆ ಸಾಕು. ಹೇಟೆಯೂ ಮೇವಿಗೆಂದು ಎದ್ದು ಹೋಗುತ್ತದಷ್ಟೆ. ಆದರೆ ಮೂರನೆಯದಾದ ತೇವ ಹೀಗೆ ಒಂದು ಗುಂಡಿಗೆ ಬಗ್ಗುವಂಥದಲ್ಲ. ನಾನು ಎಡವಿದ್ದು ಅಲ್ಲಿ.

ಮೊಟ್ಟೆಯನ್ನು ನಾವು ಮುಚ್ಚಿದ ಡಬ್ಬಿಯೆಂದು ಭಾವಿಸುತ್ತೇವೆ. ಹಾಗಲ್ಲ. ಅದರ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸುಮಾರು ಹತ್ತು ಸಾವಿರ ರಂಧ್ರಗಳಿವೆ. ಹರ್ಮನ್ ರಾನ್, ಅಮೋಸ್ ಆರ್, ಚಾರ್ಲ್ಸ್ ಪಗನೆಲಿ ಎಂಬ ಮೂವರು ಶರೀರಶಾಸ್ತ್ರಜ್ಞರು ೧೯೭೯ರಲ್ಲಿ ಹಕ್ಕಿಯ ಮೊಟ್ಟೆ ಉಸಿರಾಡುವ ಬಗೆಯನ್ನು ಕುರಿತು ಒಂದು ಪ್ರಸಿದ್ಧ ಲೇಖನ ಬರೆದರು. ಅವರ ಲೆಕ್ಕದಂತೆ ೬೦ ಗ್ರಾಂ ತೂಕದ ಒಂದು ಕೋಳಿಮೊಟ್ಟೆ ಇಪ್ಪತ್ತೊಂದು ದಿನಗಳಲ್ಲಿ ಸುಮಾರು ೬ ಲೀಟರ್ ಆಮ್ಲಜನಕವನ್ನು ಒಳಗೆ ಎಳೆದುಕೊಂಡು, ೪.೫ ಲೀಟರ್ ಇಂಗಾಲದ ಡೈ ಆಕ್ಸೈಡನ್ನೂ ೧೧ ಲೀಟರ್ ನೀರಾವಿಯನ್ನೂ ಹೊರಕ್ಕೆ ಬಿಡುತ್ತದೆ. ಇದರಲ್ಲಿ ಸೋಜಿಗವೇನೆಂದರೆ, ಒಳಗಿರುವ ಭ್ರೂಣಕ್ಕೆ ಈ ಬಾಗಿಲುಗಳ ಮೇಲೆ ಯಾವ ಅಧಿಕಾರವೂ ಇಲ್ಲ. ನಮಗೆ ಸೆಕೆಯಾದರೆ ಕಿಟಕಿ ತೆರೆಯುತ್ತೇವೆ, ಚಳಿಯಾದರೆ ಮುಚ್ಚುತ್ತೇವೆ. ಮೊಟ್ಟೆಯ ಕಿಟಕಿಗಳನ್ನು ತಾಯಿ ಚಿಪ್ಪು ಕಟ್ಟುವಾಗಲೇ ಕೊರೆದು ಮುಗಿಸಿದ್ದಾಳೆ. ಅವು ಹಗಲಿರುಳೂ ತೆರೆದೇ ಇರುತ್ತವೆ. ಹೊರಗಿನ ಗಾಳಿ ಒಣಗಿದ್ದರೆ ನೀರು ಬೇಗ ಹೋಗುತ್ತದೆ, ತೇವವಾಗಿದ್ದರೆ ನಿಧಾನವಾಗಿ ಹೋಗುತ್ತದೆ. ಅಷ್ಟೇ ನಿಯಮ.

ಹಾಗಾದರೆ ನೀರು ಸ್ವಲ್ಪವೂ ಹೋಗದಂತೆ ನೋಡಿಕೊಂಡರೆ ಒಳ್ಳೆಯದಲ್ಲವೆ ಎಂದು ಕೇಳಬಹುದು. ನನ್ನ ಎರಡನೆಯ ತಪ್ಪು ಈ ಪ್ರಶ್ನೆಯಿಂದಲೇ ಹುಟ್ಟಿತು. ಆ ವರ್ಷದ ಜುಲೈಯಲ್ಲಿ ದೊಡ್ಡಮ್ಮ ಮತ್ತೆ ಇಪ್ಪತ್ತನಾಲ್ಕು ಮೊಟ್ಟೆ ಕೊಟ್ಟರು. ಮಳೆಗಾಲ, ಗಾಳಿಯಲ್ಲಿ ಮೊದಲೇ ತೇವ. ಬೇಸಿಗೆಯ ಪಾಪವನ್ನು ತೊಳೆದುಕೊಳ್ಳುವವನ ಹಾಗೆ ನಾನು ಪೆಟ್ಟಿಗೆಯ ತಳದ ತುಂಬ ನೀರಿನ ತಟ್ಟೆಗಳನ್ನು ಇಟ್ಟೆ. ಗಾಜಿನ ಮೇಲೆ ಹನಿಗಳು ಇಳಿಯುತ್ತಿದ್ದುದನ್ನು ಕಂಡು ಸಂತೋಷಪಟ್ಟೆ. ಎದ್ದದ್ದು ಐದು ಮರಿ. ಸತ್ತವುಗಳನ್ನು ಒಡೆದರೆ ಈ ಸಲ ಬೇರೆಯದೇ ನೋಟ: ಮರಿಗಳು ನೀರು ತುಂಬಿ ಊದಿಕೊಂಡಿದ್ದವು, ಹೊಕ್ಕುಳು ಕೂಡಿರಲಿಲ್ಲ, ಚಿಪ್ಪಿನೊಳಗೆ ಅಲುಗಾಡಲು ಎಡೆಯೇ ಇರಲಿಲ್ಲ. ಮೊದಲನೆಯ ಸಲ ಒಣಗಿ ಸತ್ತವು, ಎರಡನೆಯ ಸಲ ಮುಳುಗಿ ಸತ್ತವು.

ಮೊಟ್ಟೆಯಿಂದ ನೀರು ಹೋಗಲೇಬೇಕು. ಅದಕ್ಕೆ ಕಾರಣ ಎರಡು. ಭ್ರೂಣಕ್ಕೆ ಆಹಾರ ಬಹುಮಟ್ಟಿಗೆ ಹಳದಿಯಲ್ಲಿರುವ ಕೊಬ್ಬು. ಒಂದು ಗ್ರಾಂ ಕೊಬ್ಬು ಮೈಯಲ್ಲಿ ಉರಿದರೆ ಒಂದು ಗ್ರಾಮಿಗಿಂತ ತುಸು ಹೆಚ್ಚೇ ನೀರು ಹುಟ್ಟುತ್ತದೆ. ಹಿಟ್ಟು ಕರಗಿದಷ್ಟೂ ಮಡಕೆಯಲ್ಲಿ ನೀರು ಏರುವಂತೆ, ಕೊಬ್ಬು ಕರಗಿದಷ್ಟೂ ಮೊಟ್ಟೆಯಲ್ಲಿ ನೀರಿನ ಪಾಲು ಏರುತ್ತದೆ. ಈ ಹೊಸ ನೀರು ಹೊರಹೋದರೆ ಮಾತ್ರ, ಇಟ್ಟ ದಿನ ಮೊಟ್ಟೆಯಲ್ಲಿದ್ದ ನೀರಿನ ಪ್ರಮಾಣವೇ ಎದ್ದ ದಿನ ಮರಿಯ ಮೈಯಲ್ಲಿಯೂ ಉಳಿಯುತ್ತದೆ. ಇದು ಒಂದು ಕಾರಣ. ಇನ್ನೊಂದು, ಗಾಳಿಗೂಡು. ಬೇಯಿಸಿದ ಮೊಟ್ಟೆಯ ದಪ್ಪ ತುದಿಯಲ್ಲಿ ನೀವು ಕಂಡಿರುವ ಸಣ್ಣ ತಗ್ಗೇ ಅದು. ನೀರು ಹೋದಷ್ಟೂ ಅಲ್ಲಿ ಗಾಳಿ ತುಂಬಿ ಆ ಗೂಡು ದೊಡ್ಡದಾಗುತ್ತದೆ. ಹತ್ತೊಂಬತ್ತು ಇಪ್ಪತ್ತನೆಯ ದಿನ ಮರಿ ಮೊದಲು ಕೊಕ್ಕು ತೂರಿಸುವುದು ಚಿಪ್ಪಿಗಲ್ಲ, ಈ ಗೂಡಿಗೆ. ತನ್ನ ಮೊದಲ ಉಸಿರನ್ನು ಅದು ಅಲ್ಲಿಂದ ಎಳೆದುಕೊಳ್ಳುತ್ತದೆ. ಗೂಡು ಚಿಕ್ಕದಾದರೆ ಉಸಿರು ಸಾಲದು. ತೀರ ದೊಡ್ಡದಾದರೆ ಮರಿ ಬತ್ತಿದೆಯೆಂದೇ ಅರ್ಥ.

ಎಷ್ಟು ಹೋಗಬೇಕೆಂಬುದಕ್ಕೆ ಒಂದು ಅಳತೆ ಉಂಟು. ಹದಿನೆಂಟನೆಯ ದಿನದ ಹೊತ್ತಿಗೆ ಮೊಟ್ಟೆ ತನ್ನ ತೂಕದಲ್ಲಿ ನೂರಕ್ಕೆ ೧೨ರಷ್ಟನ್ನು ಕಳೆದುಕೊಂಡಿರಬೇಕು. ಒಂದು ಕಡಿಮೆ, ಒಂದು ಹೆಚ್ಚು ಆದರೆ ನಡೆಯುತ್ತದೆ. ಇದಕ್ಕೆ ಪೆಟ್ಟಿಗೆಯೊಳಗಿನ ಸಾಪೇಕ್ಷ ಆರ್ದ್ರತೆ ನೂರಕ್ಕೆ ೫೦ರಿಂದ ೫೫ರಷ್ಟು ಇರಬೇಕೆಂದು ಪುಸ್ತಕಗಳು ಹೇಳುತ್ತವೆ. ಐವತ್ತರ ಬದಲು ಇಪ್ಪತ್ತೈದಾದರೆ ನೀರು ಒಂದೂವರೆ ಪಟ್ಟು ವೇಗದಲ್ಲಿ ಹೋಗುತ್ತದೆ. ಹನ್ನೆರಡು ಕಳೆಯಬೇಕಾದಲ್ಲಿ ಹದಿನೆಂಟು ಕಳೆಯುತ್ತದೆ. ಎಪ್ಪತ್ತೈದಾದರೆ ವೇಗ ಅರ್ಧಕ್ಕೆ ಇಳಿದು, ಹೋಗುವುದು ಆರು ಮಾತ್ರ. ನನ್ನ ಎರಡು ಸೋಲುಗಳು ಈ ಎರಡು ಅಂಕಿಗಳ ಕಡೆಗೆ ವಾಲಿದ್ದವು.

ಇನ್ನು ಬೆಂಗಳೂರಿನ ಗಾಳಿಯ ಮಾತು. ಹಿತವಾದ ಹವೆಯೆಂದು ಹೆಸರಾದ ಈ ಊರನ್ನು ಒಣ ಊರೆಂದರೆ ರಾಜಾಜಿನಗರದಲ್ಲಿಯೋ ವಿಜಯನಗರದಲ್ಲಿಯೋ ಸಂಜೆಯ ತಂಗಾಳಿಗೆ ಓಡಾಡುವವರು ಒಪ್ಪಲಿಕ್ಕಿಲ್ಲ. ಆದರೆ ಮಾರ್ಚ್ ತಿಂಗಳ ಮಧ್ಯಾಹ್ನಗಳಲ್ಲಿ ಇಲ್ಲಿಯ ಆರ್ದ್ರತೆ ನೂರಕ್ಕೆ ಮೂವತ್ತರ ಆಸುಪಾಸಿಗೆ ಇಳಿಯುವುದುಂಟು. ಮನೆಯೊಳಗೆ ಅದು ನಲವತ್ತು ಇದ್ದೀತೆಂದು ಇಟ್ಟುಕೊಳ್ಳೋಣ. ನಲವತ್ತಕ್ಕೂ ಐವತ್ತಕ್ಕೂ ಎಷ್ಟು ಮಹಾ ಅಂತರ ಎನಿಸುತ್ತದೆ. ಮೋಸವಿರುವುದು ಇಲ್ಲಿಯೇ.

ಗಾಳಿಯನ್ನು ನೀರಾವಿ ಹಿಡಿಯುವ ಪಾತ್ರೆಯೆಂದು ಭಾವಿಸಿ. ಈ ಪಾತ್ರೆಯ ಗುಣವೇನೆಂದರೆ, ಬಿಸಿಯಾದಂತೆ ಅದು ಹಿಗ್ಗುತ್ತದೆ. ಒಂದು ಘನಮೀಟರಿನಷ್ಟು ಗಾಳಿ ೨೭ ಡಿಗ್ರಿಯಲ್ಲಿ ಸುಮಾರು ೨೬ ಗ್ರಾಂ ನೀರಾವಿಯನ್ನು ಹಿಡಿಯಬಲ್ಲದು. ೩೭.೫ ಡಿಗ್ರಿಗೆ ಕಾಯಿಸಿದರೆ ಸುಮಾರು ೪೫ ಗ್ರಾಂ ಹಿಡಿಯಬಲ್ಲದು. ನಮ್ಮ ಕೋಣೆಯ ಗಾಳಿಯಲ್ಲಿ ನೂರಕ್ಕೆ ನಲವತ್ತೆಂದರೆ, ಇಪ್ಪತ್ತಾರರಲ್ಲಿ ಹತ್ತು ಗ್ರಾಂ ನೀರಿದೆಯೆಂದು ಅರ್ಥ. ಅದೇ ಗಾಳಿ ಪೆಟ್ಟಿಗೆಯನ್ನು ಹೊಕ್ಕು ಕಾದಾಗ ನೀರು ಅಷ್ಟೇ ಹತ್ತು ಗ್ರಾಂ, ಪಾತ್ರೆ ಮಾತ್ರ ನಲವತ್ತೈದರದು. ಆರ್ದ್ರತೆ ನೂರಕ್ಕೆ ಇಪ್ಪತ್ತೆರಡಾಯಿತು. ಒಂದು ಹನಿಯನ್ನೂ ಯಾರೂ ಕದಿಯಲಿಲ್ಲ, ಗಾಳಿ ಒಣಗಿಹೋಯಿತು. ಪಾವಿನಲ್ಲಿ ತುಂಬಿದಂತೆ ಕಂಡ ಅಕ್ಕಿ ಸೇರಿಗೆ ಸುರಿದಾಗ ತಳ ಹಿಡಿಯುವುದಿಲ್ಲವೆ, ಹಾಗೆ. ಮಳೆಗಾಲದ ಗಾಳಿಗೂ ಇದೇ ಗತಿ. ಜುಲೈಯಲ್ಲಿ ೨೪ ಡಿಗ್ರಿಯ ಕೋಣೆಯಲ್ಲಿ ಆರ್ದ್ರತೆ ಎಂಬತ್ತಿದ್ದರೂ ಪೆಟ್ಟಿಗೆಯಲ್ಲಿ ಅದು ಮೂವತ್ತೇಳಕ್ಕೆ ಇಳಿಯುತ್ತದೆ. ಅಂದರೆ ನಮ್ಮ ಊರಿನಲ್ಲಿ ಮಳೆಗಾಲದಲ್ಲಿಯೂ ಒಂದಿಷ್ಟು ನೀರು ಬೇಕು. ನಾನು ಇಟ್ಟಷ್ಟು ಬೇಡ.

ಇದೇ ಲೆಕ್ಕವನ್ನು ಬೇರೆ ಊರುಗಳಿಗೆ ಹಚ್ಚಿದರೆ ಸ್ವಾರಸ್ಯವಿದೆ. ಆಷಾಢದ ಮಂಗಳೂರಿನಲ್ಲಿ ಗಾಳಿ ೨೭ ಡಿಗ್ರಿ, ಆರ್ದ್ರತೆ ತೊಂಬತ್ತು ಇದ್ದರೆ, ಕಾಯಿಸಿದ ಮೇಲೂ ಅದು ಸರಿಯಾಗಿ ಐವತ್ತಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಯವರು ಮೊದಲ ಹದಿನೆಂಟು ದಿನ ನೀರನ್ನೇ ಇಡದೆ ಗೆದ್ದಾರು. ರಾಯಚೂರಿನ ಏಪ್ರಿಲ್ಲಿನ ಉರಿಗಾಳಿ, ೪೦ ಡಿಗ್ರಿ, ಆರ್ದ್ರತೆ ಇಪ್ಪತ್ತು ಇದ್ದಾಗ, ಪೆಟ್ಟಿಗೆಯಲ್ಲಿ ಸುಮಾರು ಇಪ್ಪತ್ತಮೂರು. ಅಂದರೆ ಬೆಂಗಳೂರಿನ ಮಾರ್ಚಿನ ತಂಪು ಗಾಳಿಯೂ ರಾಯಚೂರಿನ ಏಪ್ರಿಲ್ಲಿನ ಬಿಸಿಗಾಳಿಯೂ ಮೊಟ್ಟೆಯ ಪಾಲಿಗೆ ಒಂದೇ. ನಮ್ಮ ಮೈಗೆ ಹಿತವೆನಿಸಿದ್ದು ಮೊಟ್ಟೆಗೂ ಹಿತವೆಂದು ತಿಳಿಯಬಾರದು. ಇದರ ಮೇಲೆ ಇನ್ನೊಂದು ಸಂಗತಿ: ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರ್ ಎತ್ತರದಲ್ಲಿದೆ. ಇಲ್ಲಿಯ ವಾಯುಭಾರ ಕಡಲ ತೀರದ ಒಂಬತ್ತು ಹತ್ತಂಶದಷ್ಟು. ತೆಳುವಾದ ಗಾಳಿಯಲ್ಲಿ ನೀರಾವಿ ರಂಧ್ರಗಳಿಂದ ಇನ್ನಷ್ಟು ಸರಾಗವಾಗಿ ಹಾಯುತ್ತದೆ. ಅದೇ ಆರ್ದ್ರತೆಯಲ್ಲಿ ಹತ್ತನೆಯ ಒಂದು ಪಾಲು ಹೆಚ್ಚು ನೀರು ಹೋಗುತ್ತದೆ. ತಗ್ಗಿನ ಊರಿಗೆಂದು ಬರೆದ ಸೂಚನೆ ನಮ್ಮ ದಿಣ್ಣೆಗೆ ಪೂರ್ತಿ ಒಪ್ಪುವುದಿಲ್ಲ.

ಹೇಟೆಗೆ ಈ ಲೆಕ್ಕ ಯಾರು ಹೇಳಿಕೊಟ್ಟರು? ಕಾವಿಗೆ ಕೂರುವ ಹೇಟೆಯ ಎದೆಯ ಅಡಿಯಲ್ಲಿ ಗರಿ ಉದುರಿ, ರಕ್ತ ತುಂಬಿದ ಬೆಚ್ಚನೆಯ ಬರಿ ತೊಗಲು ಮೊಟ್ಟೆಗೆ ತಾಕುತ್ತದೆ. ಮೇಲಿನಿಂದ ಅವಳ ಗರಿ, ಕೆಳಗಿನಿಂದ ಮಣ್ಣು ಅಥವಾ ಹುಲ್ಲು. ಮೊಟ್ಟೆಗಳಿಂದ ಹೊರಟ ನೀರಾವಿ ಅಲ್ಲಿಯೇ ಸುಳಿದು ನಿಂತು, ಆ ಪುಟ್ಟ ಎಡೆಯನ್ನು ತಾನೇ ತೇವವಾಗಿಡುತ್ತದೆ. ಫ್ಯಾನು ತಿರುಗುವ ಪೆಟ್ಟಿಗೆಯಲ್ಲಿ ಆ ಆವಿ ಹುಟ್ಟಿದ ಕೂಡಲೇ ಗಾಳಿಗೆ ಸಿಕ್ಕಿ ಹೊರಟುಹೋಗುತ್ತದೆ. ದೊಡ್ಡಮ್ಮ ಬುಟ್ಟಿಯ ತಳಕ್ಕೆ ಮರಳು ಹಾಸುತ್ತಿದ್ದುದೂ, ಬಿಸಿಲು ಬಲಿತಾಗ ಆ ಮರಳಿನ ಅಂಚಿಗೆ ಕೈಯಿಂದ ನೀರು ಚಿಮುಕಿಸುತ್ತಿದ್ದುದೂ ನನಗೆ ನೆನಪಿದೆ. ಅವರು ಆ ಬುಟ್ಟಿಯಲ್ಲಿ ಗುಡುಗಿಗೆ ಅಂಜಿ ಒಂದು ಕಬ್ಬಿಣದ ಚೂರನ್ನೂ ಇದ್ದಿಲನ್ನೂ ಇಡುತ್ತಿದ್ದರು. ಕಬ್ಬಿಣ ಏನು ಮಾಡಿತೋ, ಮರಳಂತೂ ತನ್ನ ಕೆಲಸ ಮಾಡಿತು.

ಹೇಟೆಯೇ ಇಷ್ಟು ಚೆನ್ನಾಗಿ ಮಾಡುವಾಗ ಪೆಟ್ಟಿಗೆ ಏಕೆ ಎನ್ನಬೇಡಿ. ಹೆಚ್ಚು ಮೊಟ್ಟೆಯಿಡಲೆಂದು ಬೆಳೆಸಿದ ತಳಿಗಳಲ್ಲಿ ಕಾವಿಗೆ ಕೂರುವ ಗುಣವನ್ನೇ ಮನುಷ್ಯ ಕಳೆದಿದ್ದಾನೆ. ಬಿಳಿಯ ಲೆಗ್‌ಹಾರ್ನ್ ಇದಕ್ಕೆ ದೊಡ್ಡ ನಿದರ್ಶನ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಿಲ ಸಾಕಣೆಗೆಂದು ರೂಪುಗೊಂಡ ಗಿರಿರಾಜ, ಸ್ವರ್ಣಧಾರಗಳ ಮೊಟ್ಟೆಗಳಿಗೂ ನಾಟಿ ಹೇಟೆಯನ್ನೋ ಯಂತ್ರವನ್ನೋ ಹುಡುಕಬೇಕಾಗುತ್ತದೆ. ಯಂತ್ರವೂ ಹೊಸದೇನಲ್ಲ. ಈಜಿಪ್ಟಿನಲ್ಲಿ ಗೊಬ್ಬರದ ರಾಶಿಯಲ್ಲಿ ಹೂತು ಮೊಟ್ಟೆಗಳನ್ನು ಮರಿಮಾಡಿಸುತ್ತಾರೆಂದು ಅರಿಸ್ಟಾಟಲ್ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಬರೆದಿದ್ದಾನೆ. ಉಷ್ಣಮಾಪಕಕ್ಕೆ ತನ್ನ ಹೆಸರು ಕೊಟ್ಟ ಫ್ರಾನ್ಸಿನ ರೆಯೋಮೂರ್ ೧೭೪೯ರಲ್ಲಿ ಮೊಟ್ಟೆಗಳನ್ನು ಮರಿಮಾಡಿಸುವ ಬಗೆಯನ್ನು ಕುರಿತು ಹೊರತಂದ ಗ್ರಂಥದಲ್ಲಿ ಆ ದೇಶದ ಮಣ್ಣಿನ ಇಟ್ಟಿಗೆಯ ಕಾವುಗೂಡುಗಳನ್ನೂ ವಿವರಿಸಿದ. ಆ ಗೂಡುಗಳ ಕೆಲಸಗಾರರ ಬಳಿ ಉಷ್ಣಮಾಪಕವಿರಲಿಲ್ಲ. ಮೊಟ್ಟೆಯನ್ನು ತಮ್ಮ ಕಣ್ಣೆವೆಗೆ ಒತ್ತಿ ಹಿಡಿದು ಶಾಖವನ್ನು ತಿಳಿಯುತ್ತಿದ್ದರು. ಮಾಪಕವಿಲ್ಲದವರು ಮೊಟ್ಟೆಯನ್ನೇ ಕೇಳಿ ತಿಳಿದರು. ಎರಡು ಸಲ ಸೋತ ನನಗೆ ಈ ಸಂಗತಿ ಕಣ್ಣು ತೆರೆಸಿತು. ನಾನು ಕೇಳಿದ್ದು ಗೋಡೆಯ ಮೇಲಿನ ಅಂಕಿಯನ್ನು; ಮೊಟ್ಟೆಯನ್ನಲ್ಲ.

ಆ ಅಂಕಿಯೂ ಸುಳ್ಳಾಗಿತ್ತು. ಆರ್ದ್ರತಾಮಾಪಕವನ್ನು ಪರೀಕ್ಷಿಸುವುದಕ್ಕೆ ಅಡಿಗೆಮನೆಯಲ್ಲಿಯೇ ಒಂದು ಉಪಾಯವಿದೆ. ಒಂದು ಬಟ್ಟಲಿನಲ್ಲಿ ಉಪ್ಪು ಹಾಕಿ, ಗಟ್ಟಿ ಹಿಟ್ಟಿನ ಹದಕ್ಕೆ ಬರುವಷ್ಟು ಮಾತ್ರ ನೀರು ಬೆರಸಿ, ಆ ಬಟ್ಟಲನ್ನೂ ಮಾಪಕವನ್ನೂ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ಒಂದು ರಾತ್ರಿ ಇಡಬೇಕು. ಒದ್ದೆಯ ಉಪ್ಪಿನ ಮೇಲಿನ ಗಾಳಿಯ ಆರ್ದ್ರತೆ ನೂರಕ್ಕೆ ೭೫. ಅದು ಬದಲಾಗದ ನಿಯಮ. ನನ್ನ ಮಾಪಕ ೮೬ ತೋರಿಸಿತು. ಹಾಗಾದರೆ ಮೊದಲ ಸಲ ನಾನು ೪೫ ಎಂದು ಓದಿ ನೆಮ್ಮದಿಯಾಗಿದ್ದಾಗ ಒಳಗೆ ನಿಜವಾಗಿ ಇದ್ದದ್ದು ಮೂವತ್ತನಾಲ್ಕರ ಸುತ್ತಮುತ್ತ. ಇದರ ಜೊತೆಗೆ ಕೊನೆಯ ಮೂರು ದಿನ, ಮರಿ ಎದ್ದಿತೇ ಎಂಬ ಆತುರದಲ್ಲಿ, ಗಂಟೆಗೊಮ್ಮೆ ಮುಚ್ಚಳ ತೆರೆದು ನೋಡಿದೆ. ತೆರೆದಾಗಲೆಲ್ಲ ಇದ್ದ ತೇವವೂ ಹೋಯಿತು. ಕೊಕ್ಕಿನ ಪೆಟ್ಟಿಗೆ ಬಿರಿದ ಜಾಗದಲ್ಲಿ ಪೊರೆ ಒಣಗಿ ಮರಿಯನ್ನು ಕಟ್ಟಿಹಾಕಿತು. ಅವುಗಳನ್ನು ಕೊಂದದ್ದರಲ್ಲಿ ಬೇಸಿಗೆಯ ಪಾಲು ಎಷ್ಟೋ, ನನ್ನ ಅಕ್ಕರೆಯ ಪಾಲೂ ಅಷ್ಟೇ.

೨೦೨೫ರ ಮಾರ್ಚಿನಲ್ಲಿ ಮೂರನೆಯ ಸಲ ಕೂರಿಸಿದೆ. ಮತ್ತೆ ಅದೇ ಒಣ ತಿಂಗಳು. ದೊಡ್ಡಮ್ಮನ ಹುಂಜ ಆಗಲೇ ಕುಗ್ಗಿತ್ತು. ಇನ್ನೊಂದು ಬೇಸಿಗೆಗೆ ಕಾಯುವ ಹಾಗಿರಲಿಲ್ಲ. ಈ ಸಲ ಅಡಿಗೆಮನೆಯ ಡಿಜಿಟಲ್ ತಕ್ಕಡಿಯನ್ನು ಪೆಟ್ಟಿಗೆಯ ಪಕ್ಕಕ್ಕೆ ತಂದಿಟ್ಟುಕೊಂಡೆ. ಹತ್ತು ಮೊಟ್ಟೆಗಳಿಗೆ ಗುರುತು ಮಾಡಿ ತೂಗಿದೆ. ನಾಟಿ ಮೊಟ್ಟೆ, ಹತ್ತಕ್ಕೆ ೪೦೦ ಗ್ರಾಂ. ಹದಿನೆಂಟು ದಿನಕ್ಕೆ ನೂರಕ್ಕೆ ಹನ್ನೆರಡೆಂದರೆ ೪೮ ಗ್ರಾಂ ಹೋಗಬೇಕು. ಆರನೆಯ ದಿನಕ್ಕೆ ೧೬, ಹನ್ನೆರಡನೆಯ ದಿನಕ್ಕೆ ೩೨. ಒಂದು ಕಾಗದದ ಮೇಲೆ ಈ ಮೂರು ಅಂಕಿಗಳನ್ನು ಬರೆದು ಗೋಡೆಗೆ ಅಂಟಿಸಿದೆ.

ಆರನೆಯ ದಿನ ತೂಗಿದರೆ ೨೧ ಗ್ರಾಂ ಹೋಗಿತ್ತು. ಹೆಚ್ಚಾಯಿತು, ತೇವ ಸಾಲದು. ಹೆಚ್ಚು ನೀರು ಇಡಬೇಕು ಎಂದರೆ ಆಳವಾದ ಪಾತ್ರೆ ಇಡಬೇಕೆಂದಲ್ಲ. ನೀರು ಆವಿಯಾಗುವುದು ಮೇಲ್ಮೈಯಿಂದ. ಚೊಂಬಿನ ತುಂಬ ಇರುವ ನೀರಿಗಿಂತ ಊಟದ ತಟ್ಟೆಯಲ್ಲಿ ಹರಡಿದ ಒಂದು ಲೋಟ ನೀರು ಗಾಳಿಯನ್ನು ಹೆಚ್ಚು ತೇವಗೊಳಿಸುತ್ತದೆ. ಅದರಲ್ಲಿ ಒಂದು ಹತ್ತಿಯ ಬಟ್ಟೆಯ ಅಂಚನ್ನು ಅದ್ದಿ ಮೇಲಕ್ಕೆ ಕಟ್ಟಿದರೆ ಇನ್ನೂ ಹೆಚ್ಚು. ಕೆಂಗೇರಿಯನ್ನು ದಾಟಿ ಮೈಸೂರು ರಸ್ತೆಯಲ್ಲಿ ಬಿಡದಿ, ರಾಮನಗರಗಳ ಕಡೆ ಹೋದರೆ ರೇಷ್ಮೆಹುಳು ಸಾಕುವ ಮನೆಗಳಲ್ಲಿ ಬೇಸಿಗೆಗೆ ಒದ್ದೆಯ ಗೋಣಿಪಟ್ಟೆ ಇಳಿಬಿಡುವುದನ್ನು ಕಾಣಬಹುದು. ಅದೂ ಇದೇ ತತ್ತ್ವ. ನಾನೂ ಹಾಗೆ ಮಾಡಿದೆ. ತೇವ ಉಳಿಯಲೆಂದು ಪೆಟ್ಟಿಗೆಯ ಗಾಳಿಕಂಡಿಗಳನ್ನು ಮುಚ್ಚಲಿಲ್ಲ. ಭ್ರೂಣ ಬೆಳೆದಂತೆ ಅದರ ಉಸಿರಿನ ಅಗತ್ಯವೂ ಬೆಳೆಯುತ್ತದೆ, ಕಂಡಿ ಮುಚ್ಚುವುದೆಂದರೆ ಕತ್ತು ಹಿಸುಕಿದಂತೆ. ಏಳನೆಯ ರಾತ್ರಿ ಕತ್ತಲೆಯಲ್ಲಿ ಮೊಟ್ಟೆಗಳಿಗೆ ಟಾರ್ಚಿನ ಬೆಳಕು ಹಿಡಿದು ನೋಡಿದೆ. ಐದು ತಿಳಿಯಾಗಿದ್ದವು, ಗೊಡ್ಡು. ಹತ್ತೊಂಬತ್ತರಲ್ಲಿ ಕೆಂಪು ನೂಲಿನ ಬಲೆ ಹರಡಿ, ನಡುವೆ ಒಂದು ಕಪ್ಪು ಚುಕ್ಕೆ ಅಲುಗುತ್ತಿತ್ತು.

ಹನ್ನೆರಡನೆಯ ದಿನ, ಮೊದಲಿನಿಂದ ಒಟ್ಟು ೩೪ ಗ್ರಾಂ ಹೋಗಿತ್ತು. ದಾರಿಗೆ ಬರುತ್ತಿತ್ತು. ಬಟ್ಟೆಯನ್ನು ಸ್ವಲ್ಪ ಕಡಿಮೆ ಮಾಡಿದೆ. ಹದಿನೆಂಟನೆಯ ದಿನ ೪೯. ಒಂದು ಗ್ರಾಮಿನ ತಪ್ಪನ್ನು ಮೊಟ್ಟೆ ಕ್ಷಮಿಸುತ್ತದೆ. ಮೊಟ್ಟೆಯ ವಿಷಯದಲ್ಲಿ ಸಮಾಧಾನದ ಮಾತೆಂದರೆ ಇದು: ಮೊದಲ ವಾರದ ಹೆಚ್ಚು ಕಡಿಮೆಯನ್ನು ಎರಡನೆಯ ವಾರದಲ್ಲಿ ಸರಿದೂಗಿಸಬಹುದು. ದಿನದಿನದ ಅಂಕಿಗಾಗಿ ಪರದಾಡಬೇಕಾಗಿಲ್ಲ, ಒಟ್ಟು ಲೆಕ್ಕ ಕೂಡಿದರೆ ಆಯಿತು.

ಹದಿನೆಂಟನೆಯ ದಿನದಿಂದ ನಿಯಮ ಬದಲಾಗುತ್ತದೆ. ಕಳೆಯಬೇಕಾದ ನೀರು ಕಳೆದಾಗಿದೆ. ಇನ್ನು ಪೊರೆ ಮೆತ್ತಗಿರಬೇಕು. ಹೊರಳಿಸುವುದನ್ನು ನಿಲ್ಲಿಸಿ, ಆರ್ದ್ರತೆಯನ್ನು ನೂರಕ್ಕೆ ೬೫ರಿಂದ ೭೦ಕ್ಕೆ ಏರಿಸಿ, ಮುಚ್ಚಳವನ್ನು ಮುಚ್ಚಿಬಿಡಬೇಕು. ಆಮೇಲೆ ತೆರೆ��ಕೂಡದು. ಇದರಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಇಪ್ಪತ್ತನೆಯ ದಿನ ಬೆಳಗಿನ ಜಾವ ಚಿಪ್ಪಿನ ಒಳಗಿನಿಂದಲೇ ಕಿಚಿಕಿಚಿ ಸದ್ದು ಕೇಳಿಸಿತು. ಮಧ್ಯಾಹ್ನ ಒಂದು ಚಿಪ್ಪಿನ ಮೇಲೆ ನಕ್ಷತ್ರದಾಕಾರದ ಬಿರುಕು ಮೂಡಿತು. ಆಮೇಲೆ ಗಂಟೆಗಟ್ಟಲೆ ಏನೂ ಇಲ್ಲ. ಹೊಸಬರು ಅನಾಹುತ ಮಾಡುವುದು ಈ ಹೊತ್ತಿನಲ್ಲಿ. ಮರಿ ಸೋತಿತೆಂದು ತಿಳಿದು ಉಗುರಿನಿಂದ ಚಿಪ್ಪು ಬಿಡಿಸಲು ಹೋಗುತ್ತಾರೆ. ಅದು ಸೋತಿರುವುದಿಲ್ಲ. ಆ ಬಿಡುವಿನಲ್ಲಿ ಮರಿ ಉಳಿದ ಹಳದಿಯನ್ನು ಹೊಕ್ಕುಳಿನ ಮೂಲಕ ಹೊಟ್ಟೆಯೊಳಗೆ ಸೆಳೆದುಕೊಳ್ಳುವುದನ್ನು ಮುಗಿಸುತ್ತಿರುತ್ತದೆ, ಪೊರೆಯ ನಾಳಗಳಲ್ಲಿರುವ ತನ್ನ ರಕ್ತವನ್ನು ಮೈಗೆ ಎಳೆದುಕೊಳ್ಳುತ್ತಿರುತ್ತದೆ. ಆಗ ಚಿಪ್ಪು ಬಿಡಿಸಿದರೆ ರಕ್ತ ಸುರಿದು ಸಾಯುತ್ತದೆ. ಮೊದಲ ಬಿರುಕಿನಿಂದ ಹೊರಬರುವವರೆಗೆ ಹನ್ನೆರಡು ಗಂಟೆಯಿಂದ ಒಂದು ದಿನ ಹಿಡಿಯುವುದು ಸಹಜ. ಹೊಟ್ಟೆಗೆ ಸೇರಿದ ಆ ಹಳದಿಯ ಬಲದಿಂದಲೇ ಎದ್ದ ಮರಿ ಎರಡು ದಿನ ಕಾಳು ನೀರಿಲ್ಲದೆ ಇರಬಲ್ಲದು. ಒಂದು ದಿನದ ಮರಿಗಳನ್ನು ದೂರದೂರಿಗೆ ಕಳಿಸುವ ವ್ಯಾಪಾರ ನಿಂತಿರುವುದೂ ಅದರ ಮೇಲೆಯೇ.

ನಾನು ಕೈಗಳನ್ನು ಕಟ್ಟಿಕೊಂಡು ಕೂತೆ. ಗಾಜಿನ ಆಚೆ ಒಂದು ಚಿಪ್ಪು ಮುಚ್ಚಳದ ಹಾಗೆ ಸುತ್ತಲೂ ಕತ್ತರಿಸಿಕೊಂಡು ತೆರೆಯಿತು. ಒದ್ದೆಯಾದ ಒಂದು ಮುದ್ದೆ ಹೊರಗೆ ಉರುಳಿತು. ಇಪ್ಪತ್ತೆರಡನೆಯ ದಿನದ ಬೆಳಗಿಗೆ ಹದಿನೈದು ಮರಿಗಳು ಒಣಗಿ, ಅರಳಿ, ಒಂದನ್ನೊಂದು ತುಳಿದುಕೊಂಡು ನಿಂತಿದ್ದವು. ನಾಲ್ಕು ಏಳಲಿಲ್ಲ. ಅವುಗಳನ್ನೂ ಒಡೆದು ನೋಡಿದೆ. ಎರಡು ಎರಡನೆಯ ವಾರದಲ್ಲಿಯೇ ಬೆಳವಣಿಗೆ ನಿಂತು ಸತ್ತಿದ್ದವು, ಒಂದು ತಲೆಕೆಳಗಾಗಿ ಗಾಳಿಗೂಡಿನಿಂದ ದೂರ ತಿರುಗಿಕೊಂಡಿತ್ತು. ನಾಲ್ಕನೆಯದರ ಕಾರಣ ತಿಳಿಯಲಿಲ್ಲ. ಒಣಗಿ ಅಂಟಿಕೊಂಡದ್ದು ಒಂದೂ ಇರಲಿಲ್ಲ.

ಮರುದಿನ ಒಂದು ರಟ್ಟಿನ ಪೆಟ್ಟಿಗೆಗೆ ತೂತುಗಳನ್ನು ಮಾಡಿ, ಮಾಗಡಿ ರಸ್ತೆಯ ಬಸ್ಸು ಹಿಡಿದು ತಾವರೆಕೆರೆಗೆ ಹೋದೆ. ದೊಡ್ಡಮ್ಮನ ಹೇಟೆಯೊಂದು ನಾಲ್ಕು ಹುಸಿ ಮೊಟ್ಟೆಗಳ ಮೇಲೆ ಕಾವಿಗೆ ಕೂತಿತ್ತು. ಕತ್ತಲಾಗುವವರೆಗೆ ಮರಿಗಳನ್ನು ಮಂಕರಿಯ ಕೆಳಗೆ ಇಟ್ಟಿದ್ದು, ರಾತ್ರಿ ಒಂದೊಂದಾಗಿ ಹೇಟೆಯ ರೆಕ್ಕೆಯ ಅಡಿಗೆ ಸೇರಿಸಿದರು. ಬೆಳಗ್ಗೆ ಎದ್ದಾಗ ಅವೆಲ್ಲ ತನ್ನವೇ ಎಂದು ಅದು ನಂಬಿತ್ತು.

ನನ್ನ ತಕ್ಕಡಿ, ೪೮ ಗ್ರಾಂ, ಉಪ್ಪಿನ ಪರೀಕ್ಷೆ ಎಲ್ಲವನ್ನೂ ನಾನು ಉತ್ಸಾಹದಿಂದ ವಿವರಿಸಿದೆ. ದೊಡ್ಡಮ್ಮ ಪೂರ್ತಿ ಕೇಳಿದರು. ಆಮೇಲೆ ಕಾವಿನಲ್ಲಿದ್ದ ಇನ್ನೊಂದು ಹೇಟೆಯ ಕೆಳಗೆ ಕೈಹಾಕಿ ಒಂದು ಮೊಟ್ಟೆಯನ್ನು ತೆಗೆದು, ಅಂಗೈಯಲ್ಲಿ ಎರಡು ಸಲ ಮೆಲ್ಲಗೆ ಎತ್ತಿ ಇಳಿಸಿ, "ಇದು ಇನ್ನೂ ಭಾರ ಐತೆ. ಒಂದು ವಾರ ಬೇಕು" ಎಂದು ಹೇಳಿ ಹಿಂದಕ್ಕೆ ಇಟ್ಟರು. ಆ ಮೊಟ್ಟೆಯ ಮರಿ ಎಂಟನೆಯ ದಿನ ಎದ್ದಿತೆಂದು ಫೋನು ಬಂತು.

ಹುಂಜ ಆ ವರ್ಷದ ಮಳೆಗಾಲ ಕಳೆಯುವುದರೊಳಗೆ ಸತ್ತಿತು. ಹದಿನೈದು ಮರಿಗಳಲ್ಲಿ ಹದ್ದಿಗೂ ಮುಂಗುಸಿಗೂ ಸಂದದ್ದು ಸಂದು ಒಂಬತ್ತು ಉಳಿದವು. ಅದರಲ್ಲಿ ಎರಡು ಹುಂಜ. ಎಲ್ಲಕ್ಕೂ ಲಸಿಕೆ ಹಾಕಿಸಿದ್ದೇವೆ.